ಉಣಿಸಿದ್ದು ಮತ್ತು ಉಂಡದ್ದು: ಬೆಳೆಯ ಹಂತಗಳು ಹಾಗೂ ಪೋಷಕ ದ್ರಾವಣದ ಸಾಂದ್ರತೆಯ ಮಾಪನ

ಸಸ್ಯದ ಬೇರು ಗಟ್ಟಿಯಾದ ಆಹಾರವನ್ನು ಸ್ವೀಕರಿಸಲಾರದು. ಹೊಲಕ್ಕೆ ಹಾಕಿದ್ದು ತಿಪ್ಪೆಗೊಬ್ಬರವಿರಲಿ, ಚೀಲದ ರಸಗೊಬ್ಬರವಿರಲಿ, ಅದರೊಳಗಿನ ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣಗಳು ನೀರಿನಲ್ಲಿ ಕರಗಿ, ವಿದ್ಯುದಂಶವನ್ನು ಹೊತ್ತ ಅಯಾನುಗಳೆಂಬ ಅತಿಸೂಕ್ಷ್ಮ ಕಣಗಳಾಗಿ ಬೇರಿನ ಬಳಿಗೆ ಬಂದಾಗಲೇ ಬಹುಮಟ್ಟಿಗೆ ಬೇರು ಅವುಗಳನ್ನು ಒಳಗೆ ತೆಗೆದುಕೊಳ್ಳುತ್ತದೆ. ಹೀಗಿರುವಾಗ ಎಕರೆಗೆ ಎಷ್ಟು ಕಿಲೋ ಗೊಬ್ಬರ ಎಂಬ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಇರುತ್ತದೆ: ಬೇರಿನ ಸುತ್ತ ಇರುವ ನೀರಿನಲ್ಲಿ ಈ ಹೊತ್ತು ಎಷ್ಟು ಲವಣ ಕರಗಿದೆ, ಬೆಳೆಯ ಈ ಹಂತಕ್ಕೆ ಅದು ಹಿತವೋ ಅಹಿತವೋ? ಮೊದಲನೆಯ ಪ್ರಶ್ನೆಗೆ ತಕ್ಕಡಿ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಕೊಡುವ ಉಪಕರಣವೊಂದು ಇಂದು ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾಗಿ, ಸಾಮಾನ್ಯ ರೈತರ ಕೈಗೆಟುಕುವ ಬೆಲೆಗೆ ಬಂದಿದೆ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು, ಹುಬ್ಬಳ್ಳಿ-ಧಾರವಾಡ ಸೀಮೆಯ ನೀರು, ಮಣ್ಣು ಮತ್ತು ಹವೆಯಲ್ಲಿ ಅದರ ಮಾತನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ವಿಷಯ ಈ ಊರಿಗೆ ಹೊರಗಿನದಲ್ಲ. 1947ರಲ್ಲಿ ಆರಂಭವಾದ ಧಾರವಾಡದ ಕೃಷಿ ಮಹಾವಿದ್ಯಾಲಯವೂ, 1986ರ ಅಕ್ಟೋಬರ್ 1ರಂದು ಅದರ ನೆಲೆಯಲ್ಲಿಯೇ ರೂಪುಗೊಂಡ ಕೃಷಿ ವಿಶ್ವವಿದ್ಯಾಲಯವೂ ಉತ್ತರ ಕರ್ನಾಟಕದ ಮಣ್ಣಿನ ಬಗೆಗೆ ದೀರ್ಘಕಾಲದ ಅಧ್ಯಯನ ನಡೆಸಿವೆ. ಕಳೆದ ಎರಡು ಮೂರು ದಶಕಗಳಲ್ಲಿ ಹನಿ ನೀರಾವರಿಯೂ, ಅದರ ಕೊಳವೆಯಲ್ಲಿಯೇ ಗೊಬ್ಬರವನ್ನು ಕರಗಿಸಿ ಹರಿಸುವ ರಸಾವರಿ ಪದ್ಧತಿಯೂ, ದಪ್ಪ ಮೆಣಸಿನಕಾಯಿ, ಸೌತೆ, ಜರ್ಬೆರಾಗಳ ಪಾಲಿಹೌಸ್‌ಗಳೂ ಧಾರವಾಡ, ಬೆಳಗಾವಿ, ಹಾವೇರಿ ಜಿಲ್ಲೆಗಳಲ್ಲಿ ಹರಡಿವೆ. ರಸಾವರಿ ಬಂದ ಮೇಲೆ ಗೊಬ್ಬರ ಕೊಡುವ ಕ್ರಮವೇ ಬದಲಾಯಿತು. ಹಿಂದೆ ಬೆಳೆಗೆ ಎರಡೋ ಮೂರೋ ಸಲ ಕೊಡುತ್ತಿದ್ದುದನ್ನು ಈಗ ದಿನ ಬಿಟ್ಟು ದಿನ, ಕೆಲವೆಡೆ ನಿತ್ಯವೂ, ತೆಳುವಾದ ದ್ರಾವಣವಾಗಿ ಕೊಡಲಾಗುತ್ತಿದೆ. ಕೊಡುವ ಕ್ರಮ ಇಷ್ಟು ಬದಲಾದರೂ ಅಳೆಯುವ ಕ್ರಮ ಮಾತ್ರ ಅನೇಕ ತೋಟಗಳಲ್ಲಿ ಹಳೆಯದೇ ಆಗಿ ಉಳಿದಿದೆ; ವಾರಕ್ಕೆ ಎಕರೆಗೆ ಸಾರಜನಕ-ರಂಜಕ-ಪೊಟ್ಯಾಷ್ ಪ್ರಮಾಣದ 19:19:19 ಇಷ್ಟು ಕಿಲೋ, 13:0:45 ಇಷ್ಟು ಕಿಲೋ ಎಂಬ ಪಟ್ಟಿಯೇ ಪ್ರಮಾಣವಾಗಿದೆ, ಮತ್ತು ಬೆಳೆ ಹಳದಿಯಾದಾಗ ಆ ಕಿಲೋಗಳನ್ನು ಹೆಚ್ಚಿಸುವುದೇ ಪರಿಹಾರವೆಂದು ತಿಳಿಯಲಾಗುತ್ತಿದೆ.

ದ್ರಾವಣದಲ್ಲಿ ಸಸ್ಯವನ್ನು ಬೆಳೆಸುವ ವಿದ್ಯೆ 19ನೆಯ ಶತಮಾನದ ಜರ್ಮನಿಯಲ್ಲಿ ಹುಟ್ಟಿತು. ಯೂಲಿಯಸ್ ಫಾನ್ ಜಾಕ್ಸ್ ಮತ್ತು ವಿಲ್ಹೆಲ್ಮ್ ಕ್ನೋಪ್ ಎಂಬ ವಿಜ್ಞಾನಿಗಳು 1860ರ ದಶಕದಲ್ಲಿ, ಮಣ್ಣೇ ಇಲ್ಲದೆ ಕೆಲವು ಲವಣಗಳನ್ನು ಕರಗಿಸಿದ ನೀರಿನಲ್ಲಿ ಸಸ್ಯಗಳನ್ನು ಬೆಳೆಸಿ, ಬೆಳವಣಿಗೆಗೆ ಬೇಕಾದ ಮೂಲಧಾತುಗಳನ್ನು ಒಂದೊಂದಾಗಿ ಗುರುತಿಸಿದರು. ಕ್ಯಾಲಿಫೋರ್ನಿಯಾದಲ್ಲಿ ಡೆನಿಸ್ ಹೋಗ್‌ಲ್ಯಾಂಡ್ ಮತ್ತು ಡೇನಿಯಲ್ ಆರ್ನನ್ 1938ರಲ್ಲಿ ಪ್ರಕಟಿಸಿ, ಆರ್ನನ್ 1950ರಲ್ಲಿ ಪರಿಷ್ಕರಿಸಿದ ದ್ರಾವಣದ ಸೂತ್ರ ಇಂದಿಗೂ ಜಗತ್ತಿನ ಸಸ್ಯಶಾಸ್ತ್ರ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಭಾರತದಲ್ಲಿ ಜೇಮ್ಸ್ ಶಾಲ್ಟೊ ಡಗ್ಲಾಸ್ 1940ರ ದಶಕದಲ್ಲಿ ಬಂಗಾಳದ ಕಾಲಿಂಪಾಂಗ್‌ನಲ್ಲಿ ಮಣ್ಣುರಹಿತ ಬೇಸಾಯದ ಪ್ರಯೋಗ ನಡೆಸಿ, ಅದನ್ನು ಬಡವರಿಗೂ ಎಟುಕುವಂತೆ ಸರಳಗೊಳಿಸಲು ಯತ್ನಿಸಿದರು. ಹೋಗ್‌ಲ್ಯಾಂಡ್ ದ್ರಾವಣದಲ್ಲಿ ಲೀಟರಿಗೆ ಸುಮಾರು 210 ಮಿಲಿಗ್ರಾಂ ಸಾರಜನಕ, 31 ಮಿಲಿಗ್ರಾಂ ರಂಜಕ, 235 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತವೆ. ಎಳೆಯ ಸಸಿಗಳಿಗೆ ಇದನ್ನು ಪೂರ್ಣ ಸಾಂದ್ರತೆಯಲ್ಲಿ ಕೊಡದೆ ಕಾಲುಪಾಲು ಅಥವಾ ಅರ್ಧಕ್ಕೆ ತೆಳುಮಾಡಿ ಕೊಡುವುದು ಪ್ರಯೋಗಾಲಯಗಳಲ್ಲಿ ರೂಢಿಯಾಗಿದೆ. ಒಂದೇ ಅಡುಗೆ, ಆದರೆ ವಯಸ್ಸಿಗೆ ತಕ್ಕ ತೆಳುವು ಎಂಬ ಈ ತತ್ತ್ವವೇ ಹಂತಾನುಸಾರಿ ಪೋಷಣೆಯ ಬೀಜರೂಪ.

ತೆಳುವು ಮತ್ತು ಗಾಢತೆಯನ್ನು ಅಳೆಯುವ ಮಾನವೇ ವಿದ್ಯುತ್ ವಾಹಕತೆ. ಶುದ್ಧವಾದ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುತ್ತದೆ. ಅದರಲ್ಲಿ ಲವಣ ಕರಗಿ ಅಯಾನುಗಳಾದಂತೆ ವಾಹಕತೆ ಏರುತ್ತದೆ. ನೇರ ವಿದ್ಯುತ್ತನ್ನು ಹರಿಸಿದರೆ ದ್ರಾವಣದಲ್ಲಿ ಮುಳುಗಿಸಿದ ಲೋಹದ ತಗಡುಗಳ ಮೇಲೆ ಅಯಾನುಗಳು ಗುಂಪುಗೂಡಿ ಅಳತೆ ಕೆಡುತ್ತದೆಂಬ ತೊಡಕನ್ನು ಫ್ರೀಡ್ರಿಷ್ ಕೋಲ್‌ರೌಷ್ 19ನೆಯ ಶತಮಾನದ ಉತ್ತರಾರ್ಧದಲ್ಲಿ ಪರ್ಯಾಯ ವಿದ್ಯುತ್ತಿನ ಬಳಕೆಯಿಂದ ನಿವಾರಿಸಿದರು. ಇಂದಿನ ಜೇಬಿನ ಮಾಪಕವೂ ಅದೇ ದಾರಿಯಲ್ಲಿ ನಡೆಯುತ್ತದೆ. ವಾಹಕತೆಯ ಏಕಮಾನ ಡೆಸಿಸೀಮನ್ಸ್ ಪ್ರತಿ ಮೀಟರ್. ಮಿಲಿಸೀಮನ್ಸ್ ಪ್ರತಿ ಸೆಂಟಿಮೀಟರ್ ಎಂದು ಬರೆದರೂ ಬೆಲೆ ಒಂದೇ, ಹಳೆಯ ವರದಿಗಳಲ್ಲಿ ಕಾಣುವ ಮಿಲಿಮೋ ಎಂಬುದೂ ಅದೇ, ಮೈಕ್ರೋಸೀಮನ್ಸ್‌ನಲ್ಲಿ ಹೇಳಿದರೆ 1000 ಪಟ್ಟು. ಮುಂದೆ ಈ ಬರೆಹದಲ್ಲಿ ಬರಿಯ ಅಂಕೆಯನ್ನು ಹೇಳಿದಲ್ಲೆಲ್ಲ ಡೆಸಿಸೀಮನ್ಸ್ ಎಂದೇ ತಿಳಿಯತಕ್ಕದ್ದು.

ಅಳತೆಯಲ್ಲಿ ಉಂಟಾಗುವ ದೋಷಗಳಲ್ಲಿ ಹೆಚ್ಚಿನವು ಉಪಕರಣದ ಬಳಕೆಯಿಂದ ಬರುತ್ತವೆ. ಕುಡಿಯುವ ನೀರಿನ ಶುದ್ಧತೆ ನೋಡುವ ಟಿಡಿಎಸ್ ಪೆನ್ನು ಈಗ ಎಲ್ಲೆಡೆ ಸಿಗುತ್ತದೆ. ಅದು ನಿಜವಾಗಿ ಅಳೆಯುವುದು ವಾಹಕತೆಯನ್ನೇ ಆದರೂ, ಒಳಗೆ ಒಂದು ಗುಣಾಂಕದಿಂದ ಗುಣಿಸಿ ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಇಷ್ಟು ಭಾಗ, ಎಂದು ತೋರಿಸುತ್ತದೆ. ಆ ಗುಣಾಂಕ ಎಲ್ಲ ಪೆನ್ನುಗಳಲ್ಲಿ ಒಂದೇ ಅಲ್ಲ: ಕೆಲವು 1 ಡೆಸಿಸೀಮನ್ಸನ್ನು 500 ಎಂದು, ಕೆಲವು 700 ಎಂದು, ಮಣ್ಣುಶಾಸ್ತ್ರದ ರೂಢಿ 640 ಎಂದು ಎಣಿಸುತ್ತದೆ. ಹೀಗಾಗಿ ಒಬ್ಬರ ಪೆನ್ನು ತೋರಿದ 1000 ನಿಜದಲ್ಲಿ 2.0 ಆಗಿದ್ದರೆ, ಇನ್ನೊಬ್ಬರ 1000 ಬರಿಯ 1.43 ಆಗಿರಬಹುದು, ಇಬ್ಬರೂ ಪರಸ್ಪರ ಸಲಹೆ ಪಡೆದು ನಡೆದರೆ ಒಬ್ಬರ ಬೆಳೆ ಸೊರಗುವುದು, ಇನ್ನೊಬ್ಬರ ಎಲೆಯ ಅಂಚು ಸುಡುವುದು. ಪಿಪಿಎಂ ಅಂಕೆಯನ್ನು ಕೃಷಿ ಮಾತುಕತೆಯಿಂದ ದೂರವಿಟ್ಟು ವಾಹಕತೆಯ ಅಂಕೆಯನ್ನೇ ಬಳಸುವುದು ಲೇಸು. ಉಷ್ಣತೆಯೂ ಅಂಕೆಯನ್ನು ಬದಲಿಸುತ್ತದೆ: ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ವಾಹಕತೆ ಸುಮಾರು ಶೇ. 2ರಷ್ಟು ಏರುವುದರಿಂದ, ಎಲ್ಲ ಅಳತೆಗಳನ್ನೂ 25 ಡಿಗ್ರಿಗೆ ಸರಿದೂಗಿಸಿ ಹೇಳುವುದು ಶಾಸ್ತ್ರದ ನಿಯಮ. ಸರಿದೂಗಿಸುವ ವ್ಯವಸ್ಥೆ ಇಲ್ಲದ ಮಾಪಕ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಕಾದ ತೊಟ್ಟಿಯ ನೀರಿನಲ್ಲಿ ಐದನೆಯ ಒಂದು ಪಾಲು ಹೆಚ್ಚು ತೋರಿಸುತ್ತದೆ. ಮಾಪಕವನ್ನು ಆಗಾಗ ತಾಳೆ ನೋಡಲು ಬೇಕಾದದ್ದು ದುಬಾರಿ ವಸ್ತುವೇನಲ್ಲ, ಶುದ್ಧವಾದ 0.7455 ಗ್ರಾಂ ಪೊಟ್ಯಾಸಿಯಂ ಕ್ಲೋರೈಡನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಒಂದು ಲೀಟರ್ ಮಾಡಿದರೆ, 25 ಡಿಗ್ರಿಯಲ್ಲಿ ಅದರ ವಾಹಕತೆ 1.413. ಯಾವ ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯವೂ ಸುತ್ತಲಿನ ಹಳ್ಳಿಗಳಿಗೆ ಇದನ್ನು ತಯಾರಿಸಿ ಕೊಡಬಲ್ಲದು.

ಮಾಪಕದ ದೊಡ್ಡ ಮಿತಿ ಎಂದರೆ, ಅದು ಲವಣಗಳ ಒಟ್ಟು ಮೊತ್ತವನ್ನು ಹೇಳುತ್ತದೆಯೇ ಹೊರತು ಅವುಗಳ ಹೆಸರನ್ನು ಹೇಳುವುದಿಲ್ಲ. ಒಂದು ಲೆಕ್ಕವನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. 1000 ಲೀಟರಿನ ತೊಟ್ಟಿಯಲ್ಲಿ 0.7 ವಾಹಕತೆಯ ಕೊಳವೆಬಾವಿಯ ನೀರಿದೆ ಎಂದಿಟ್ಟುಕೊಳ್ಳೋಣ. ಲೀಟರಿಗೆ ಒಂದು ಗ್ರಾಂ ಕರಗಿಸಿದಾಗ ಕ್ಯಾಲ್ಸಿಯಂ ನೈಟ್ರೇಟ್ ಸುಮಾರು 1.2ನ್ನೂ, ಪೊಟ್ಯಾಸಿಯಂ ನೈಟ್ರೇಟ್ ಸುಮಾರು 1.3ನ್ನೂ ಕೂಡಿಸುತ್ತವೆ, ಆದ್ದರಿಂದ ಎರಡನ್ನೂ ಅರ್ಧರ್ಧ ಕಿಲೋ ಹಾಕಿದರೆ ತೊಟ್ಟಿಯ ವಾಹಕತೆ 1.95ರ ಆಸುಪಾಸಿಗೆ ಬರುತ್ತದೆ, ಲೀಟರಿಗೆ ಸುಮಾರು 142 ಮಿಲಿಗ್ರಾಂ ಸಾರಜನಕ ದೊರೆಯುತ್ತದೆ. ಈಗ ಅದೇ ತೊಟ್ಟಿಗೆ ಅರ್ಧ ಕಿಲೋ ಯೂರಿಯಾ ಸೇರಿಸಿದರೆ ಇನ್ನೂ 230 ಮಿಲಿಗ್ರಾಂ ಸಾರಜನಕ ಕೂಡುತ್ತದೆ. ಮಾಪಕದ ಅಂಕೆ ಮಾತ್ರ ಕದಲುವುದಿಲ್ಲ. ಯೂರಿಯಾ ನೀರಿನಲ್ಲಿ ಅಯಾನುಗಳಾಗಿ ಒಡೆಯದೆ ಇಡಿಯ ಅಣುವಾಗಿಯೇ ಇರುವುದರಿಂದ ವಿದ್ಯುತ್ತಿಗೆ ಅದು ಇಲ್ಲದಂತೆಯೇ. ಮಣ್ಣಿಗೆ ಇಳಿದ ಮೇಲೆ, ಕೆಲವು ದಿನಗಳಲ್ಲಿ ಸೂಕ್ಷ್ಮಜೀವಿಗಳ ಕಿಣ್ವ ಅದನ್ನು ಅಮೋನಿಯಂ ಆಗಿಯೂ, ಬಳಿಕ ನೈಟ್ರೇಟ್ ಆಗಿಯೂ ಮಾರ್ಪಡಿಸಿದಾಗ, ತೊಟ್ಟಿಯಲ್ಲಿ ಕಾಣದಿದ್ದ ಲವಣ ಬೇರಿನ ಬಳಿ ಕಾಣಿಸಿಕೊಳ್ಳುತ್ತದೆ. ಇನ್ನೊಂದೆಡೆ, ಕೊಳವೆಬಾವಿಯ ನೀರಿನ 0.7ರಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಹೆಚ್ಚಾಗಿದ್ದರೆ, ಮಾಪಕ ಅವನ್ನೂ ಆಹಾರದ ಲೆಕ್ಕಕ್ಕೆ ಸೇರಿಸಿ ತೋರಿಸುತ್ತದೆ. ಇರುವುದನ್ನು ಕಾಣದೆಯೂ, ಪೋಷಕವಲ್ಲದ್ದನ್ನು ಎಣಿಸಿಯೂ ಹೇಳುವ ಅಂಕೆಯನ್ನು ಒಂಟಿಯಾಗಿ ನಂಬಲಾಗದು.

ಆದ್ದರಿಂದ ಮೊದಲ ಅಳತೆ ಯಾವಾಗಲೂ ಬರಿಯ ನೀರಿನದಾಗಿರಬೇಕು. ಹುಬ್ಬಳ್ಳಿ-ಧಾರವಾಡ ನಗರಗಳು ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭಾ ಜಲಾಶಯದ ನೀರನ್ನೂ, ಹುಬ್ಬಳ್ಳಿಯ ಒಂದು ಭಾಗ ನೀರಸಾಗರ ಜಲಾಶಯದ ನೀರನ್ನೂ ಕುಡಿಯುತ್ತವೆ. ಸುತ್ತಲಿನ ತೋಟಗಳು ಹೆಚ್ಚಾಗಿ ಕೊಳವೆಬಾವಿ ಮತ್ತು ಕೃಷಿಹೊಂಡಗಳನ್ನು ನೆಚ್ಚಿವೆ. ಮಳೆಯ ನೀರು ಹೊಂಡದಲ್ಲಿ ನಿಂತಾಗ ಅದರ ಲವಣ ಅತ್ಯಲ್ಪ, ಆಳದ ಕಲ್ಲಿನ ಸಂದುಗಳಲ್ಲಿ ವರ್ಷಾನುಗಟ್ಟಲೆ ನಿಂತ ಕೊಳವೆಬಾವಿಯ ನೀರಿನಲ್ಲಿ ಅದು ಹಲವು ಪಟ್ಟು ಹೆಚ್ಚು. ಒಂದೇ ಬಾವಿಯಲ್ಲಿಯೂ ಮಳೆಗಾಲದ ಅಂಕೆ ಬೇರೆ, ಬೇಸಿಗೆಯದು ಬೇರೆ. ಅಮೆರಿಕದ ರಿವರ್‌ಸೈಡ್‌ನಲ್ಲಿರುವ ಲವಣತಾ ಪ್ರಯೋಗಾಲಯ 1954ರಲ್ಲಿ ಪ್ರಕಟಿಸಿದ ಕೈಪಿಡಿ ನೀರಾವರಿ ನೀರನ್ನು ನಾಲ್ಕು ವರ್ಗ ಮಾಡಿತು: 0.25ರವರೆಗೆ ಕಡಿಮೆ ಲವಣದ್ದು, 0.75ರವರೆಗೆ ಮಧ್ಯಮ, 2.25ರವರೆಗೆ ಹೆಚ್ಚು, ಅದರಾಚೆ ಅತಿ ಹೆಚ್ಚು. ರಸಾವರಿಯ ದೃಷ್ಟಿಯಿಂದ ಈ ವರ್ಗೀಕರಣದ ಅರ್ಥ ಇನ್ನಷ್ಟು ಬಿಗಿಯಾದದ್ದು. ಬೆಳೆಗೆ ಒಟ್ಟು 2.0 ಹಿತವೆಂದಾದರೆ, 0.3ರ ನೀರಿರುವವರಿಗೆ ಪೋಷಕಗಳಿಗಾಗಿ 1.7ರಷ್ಟು ಅವಕಾಶ ಉಳಿಯುತ್ತದೆ, 1.2ರ ನೀರಿರುವವರಿಗೆ 0.8ರಷ್ಟು ಮಾತ್ರ. ಇಬ್ಬರಿಗೂ ಒಂದೇ ಕಿಲೋ ಪಟ್ಟಿಯನ್ನು ಕೊಡುವ ಸಲಹೆ ಇಬ್ಬರಲ್ಲೊಬ್ಬರಿಗೆ ನಷ್ಟ ತರುವುದು ಖಚಿತ.

ಇನ್ನು ಬೆಳೆಯ ಹಂತಗಳು. ಬೀಜ ಮೊಳೆಯುವಾಗ ತನ್ನೊಳಗೆ ಕೂಡಿಟ್ಟ ಆಹಾರದಿಂದಲೇ ಬದುಕುತ್ತದೆ. ಅದಕ್ಕೆ ಬೇಕಾದದ್ದು ನೀರು, ಮತ್ತು ನೀರನ್ನು ಹೀರಲು ಅಡ್ಡಿ ಇಲ್ಲದಿರುವುದು. ಲವಣ ಕರಗಿದ ನೀರು ತನ್ನನ್ನು ಬಿಟ್ಟುಕೊಡಲು ಒಪ್ಪದ ಸೆಳೆತವನ್ನು ಆಸ್ಮಾಟಿಕ್ ಒತ್ತಡ ಎನ್ನುತ್ತಾರೆ. ಸ್ಥೂಲವಾಗಿ, ವಾಹಕತೆ ಒಂದು ಡೆಸಿಸೀಮನ್ಸ್ ಏರಿದರೆ ಈ ಒತ್ತಡ 0.36 ಬಾರ್‌ನಷ್ಟು ಏರುತ್ತದೆ, ಬೇರು ಅಷ್ಟರ ಮಟ್ಟಿಗೆ ಹೆಚ್ಚು ಶ್ರಮಪಟ್ಟು ನೀರನ್ನು ಎಳೆಯಬೇಕಾಗುತ್ತದೆ. ಬೇರು ಬಲಿತ ಗಿಡಕ್ಕೆ ಇದು ಸಹ್ಯವಾದರೂ, ಎರಡು ಬೀಜದಳದ ಕೂಸಿಗೆ ಕಷ್ಟ. ಪ್ರೋಟ್ರೇಗಳಲ್ಲಿ ಸಸಿ ಬೆಳೆಸುವ ನರ್ಸರಿಗಳಲ್ಲಿ ಅನೇಕ ಸಲ ಮೊದಲ ತೊಂದರೆ ಗೊಬ್ಬರದಿಂದ ಬರದೆ ತೆಂಗಿನ ನಾರಿನ ಪುಡಿಯಿಂದಲೇ ಬರುತ್ತದೆ; ತೊಳೆಯದ ಕೊಕೊಪೀಟ್‌ನಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್‌ಗಳು ಸಹಜವಾಗಿಯೇ ಹೆಚ್ಚಿರುವುದರಿಂದ, ಅದನ್ನು ಒಳ್ಳೆಯ ನೀರಿನಲ್ಲಿ ನೆನೆಸಿ ಬಸಿದು, ಕ್ಯಾಲ್ಸಿಯಂ ನೈಟ್ರೇಟ್ ದ್ರಾವಣದಲ್ಲಿ ಹಾಯಿಸಿ, ಮತ್ತೆ ತೊಳೆದು, ಹಿಂಡಿ ಬಂದ ನೀರಿನ ವಾಹಕತೆಯನ್ನು ನೋಡಿದ ಮೇಲೆಯೇ ಬೀಜ ಹಾಕತಕ್ಕದ್ದು. ಬೀಜದಳ ಬಿಚ್ಚಿ ಮೊದಲ ನಿಜ ಎಲೆ ಮೂಡಿದಾಗ 0.5ರಿಂದ 1.0ರೊಳಗಿನ ತೆಳು ದ್ರಾವಣ ಸಾಕು.

ನಾಟಿಯ ನಂತರದ ಮೊದಲ ಎರಡು ವಾರ ಗಿಡದ ಗಮನವೆಲ್ಲ ಹೊಸ ಬೇರಿನ ಕಡೆಗೆ. ಟೊಮೆಟೊ, ದಪ್ಪ ಮೆಣಸಿನಕಾಯಿಗಳಿಗೆ ಈ ಹೊತ್ತಿನಲ್ಲಿ 1.0ರಿಂದ 1.5ರವರೆಗಿನ ದ್ರಾವಣವನ್ನೂ, ಎಲೆ-ಕಾಂಡ ಬೆಳೆಯುವ ಹಂತದಲ್ಲಿ 1.5ರಿಂದ 2.0ರವರೆಗಿನದನ್ನೂ, ಹೂ ಕಚ್ಚಿ ಕಾಯಿ ತುಂಬುವಾಗ 2.0ರಿಂದ 2.5ರವರೆಗಿನದನ್ನೂ ಕೊಡುವುದು ಕೊಕೊಪೀಟ್‌ನಂಥ ಮಣ್ಣುರಹಿತ ಮಾಧ್ಯಮಗಳಲ್ಲಿ ಸಾಮಾನ್ಯ ಪದ್ಧತಿ. ಟೊಮೆಟೊಗೆ ಅದನ್ನು 3.0ರವರೆಗೆ ಒಯ್ಯುವುದೂ ಉಂಟು. ತುಸು ಹೆಚ್ಚಿನ ಲವಣ ಹಣ್ಣಿನೊಳಕ್ಕೆ ಹೋಗುವ ನೀರನ್ನು ಮಿತಗೊಳಿಸಿ ಸಕ್ಕರೆ ಮತ್ತು ಹುಳಿಯ ಸಾಂದ್ರತೆಯನ್ನು ಹೆಚ್ಚಿಸುವುದರಿಂದ ರುಚಿ ಏರುತ್ತದೆ, ಗಾತ್ರ ಇಳಿಯುತ್ತದೆ. ದಪ್ಪ ಮೆಣಸಿನಕಾಯಿಗೆ ಈ ಸ್ವಾತಂತ್ರ್ಯವಿಲ್ಲ. ಲವಣ ಹೆಚ್ಚಾದಾಗ ಅದರ ಕಾಯಿಗೆ ಸುಣ್ಣ ತಲುಪದೆ ತುದಿ ಕೊಳೆಯುತ್ತದೆ. ಇದನ್ನು ಕಂಡು ಸುಣ್ಣದ ಕೊರತೆಯೆಂದು ಇನ್ನಷ್ಟು ಗೊಬ್ಬರ ಸುರಿದರೆ ವಾಹಕತೆ ಮತ್ತೂ ಏರಿ ರೋಗ ಉಲ್ಬಣಿಸುತ್ತದೆ. ಸೊಪ್ಪಿನ ಬೆಳೆಗಳಾದ ಲೆಟ್ಯೂಸ್ ಮುಂತಾದವು ಕೊನೆಯವರೆಗೂ 1.2ರ ಆಸುಪಾಸಿನಲ್ಲಿಯೇ ತೃಪ್ತ.

ಹಂತ ಬದಲಾದಾಗ ಅಂಕೆಯಷ್ಟೇ ಬದಲಾಗುತ್ತದೆಂದು ಭಾವಿಸುವುದು ಅರ್ಧ ತಿಳಿವಳಿಕೆ. ಎಲೆ ಬೆಳೆಯುವಾಗ ಗಿಡ ಸಾರಜನಕವನ್ನೂ ಪೊಟ್ಯಾಸಿಯಂ ಅನ್ನೂ ಹೆಚ್ಚುಕಡಿಮೆ ಸಮವಾಗಿ ಬೇಡುತ್ತದೆ. ಕಾಯಿ ತುಂಬುವಾಗ ಪೊಟ್ಯಾಸಿಯಂ ಬೇಡಿಕೆ ಸಾರಜನಕದ ಒಂದೂವರೆ ಪಟ್ಟನ್ನೂ ದಾಟುತ್ತದೆ. ಸಾರಜನಕದ ಗೊಬ್ಬರವನ್ನು ತಗ್ಗಿಸಿ ಪೊಟ್ಯಾಸಿಯಂ ಸಲ್ಫೇಟ್ ಹೆಚ್ಚಿಸಿದಾಗ ಮಾಪಕದ ಅಂಕೆ ನಿನ್ನೆಯಂತೆಯೇ 2.2 ಇರಬಹುದು, ಉಣಿಸು ಮಾತ್ರ ಪೂರ್ತಿ ಬೇರೆ. ತೊಟ್ಟಿಯಲ್ಲಿ ಏನು ಹಾಕಲಾಗಿದೆ ಎಂಬ ಬರವಣಿಗೆಯ ದಾಖಲೆ ಇಲ್ಲದಿದ್ದರೆ ಮಾಪಕದ ದಾಖಲೆಗೆ ಬೆಲೆ ಇಲ್ಲ. ಇಲ್ಲಿಯೇ ಹೇಳಬೇಕಾದ ಇನ್ನೊಂದು ಎಚ್ಚರಿಕೆ: ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್ ಅಥವಾ ಫಾಸ್ಫೇಟ್ ಗೊಬ್ಬರಗಳೊಡನೆ ಗಾಢ ದ್ರಾವಣದಲ್ಲಿ ಬೆರೆಸಿದರೆ ಜಿಪ್ಸಂ ಮತ್ತು ಕ್ಯಾಲ್ಸಿಯಂ ಫಾಸ್ಫೇಟ್ ಗಟ್ಟಿಯಾಗಿ ತಳಕ್ಕಿಳಿದು, ಹನಿಯ ರಂಧ್ರಗಳನ್ನು ಮುಚ್ಚುತ್ತವೆ, ಅದಕ್ಕಾಗಿಯೇ ಎರಡು ತೊಟ್ಟಿಗಳ ವ್ಯವಸ್ಥೆ. ಲೆಕ್ಕದ ಪ್ರಕಾರ ಬರಬೇಕಾದ ವಾಹಕತೆಗಿಂತ ಹನಿಯಿಂದ ಬೀಳುವ ನೀರಿನ ವಾಹಕತೆ ಕಡಿಮೆ ಇದ್ದರೆ, ಗೊಬ್ಬರ ತೊಟ್ಟಿಯ ತಳದಲ್ಲಿಯೇ ಉಳಿದಿದೆ ಅಥವಾ ಗೊಬ್ಬರದ ದ್ರಾವಣವನ್ನು ಕೊಳವೆಗೆ ಎಳೆದುಕೊಡುವ ವೆಂಚುರಿ ಸರಿಯಾಗಿ ಎಳೆಯುತ್ತಿಲ್ಲ ಎಂಬುದು ಕೂಡಲೆ ಗೊತ್ತಾಗುತ್ತದೆ.

ಹಂತದಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಋತು ಮುಖ್ಯ. ಧಾರವಾಡದ ಹವೆಯಲ್ಲಿ ಇದು ವಿಶೇಷವಾಗಿ ಗಮನಿಸತಕ್ಕ ಸಂಗತಿ. ಮಾರ್ಚ್‌ನಿಂದ ಮೇ ತನಕದ ಒಣ ಬಿಸಿಲಿನಲ್ಲಿ ಎಲೆಗಳಿಂದ ನೀರು ವೇಗವಾಗಿ ಆವಿಯಾಗುವುದರಿಂದ, ಗಿಡ ಪೋಷಕಗಳಿಗಿಂತ ನೀರನ್ನೇ ಹೆಚ್ಚಿನ ಪ್ರಮಾಣದಲ್ಲಿ ಹೀರುತ್ತದೆ. ಬೇಡವಾದ ಲವಣ ಬೇರಿನ ಬಳಿಯಲ್ಲಿಯೇ ಉಳಿದು ದಿನದಿನಕ್ಕೆ ಗಾಢವಾಗುತ್ತದೆ. ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಜಿಟಿಜಿಟಿ ಮಳೆ ಹಿಡಿದು ವಾರಗಟ್ಟಲೆ ಮೋಡ ಕವಿದಾಗ ಇದು ತಿರುವುಮುರುವಾಗುತ್ತದೆ. ಗಿಡ ಕುಡಿಯುವ ನೀರೇ ಕಡಿಮೆ, ಆ ಕಡಿಮೆ ನೀರಿನಲ್ಲಿಯೇ ಬೇಕಾದ ಪೋಷಕಗಳೆಲ್ಲ ಬರಬೇಕು. ಆದ್ದರಿಂದ ಒಂದೇ ಹಂತದ ಬೆಳೆಗೆ ಬೇಸಿಗೆಯಲ್ಲಿ ತೆಳು ದ್ರಾವಣವನ್ನು ಹೆಚ್ಚು ಸಲವೂ, ಮೋಡದ ದಿನಗಳಲ್ಲಿ ತುಸು ಗಾಢವಾದುದನ್ನು ಕಡಿಮೆ ಸಲವೂ ಕೊಡಬೇಕಾಗುತ್ತದೆ. ಬಿಸಿಲಿಗೆ ಬಾಡಿದ ಗಿಡಕ್ಕೆ ಶಕ್ತಿ ಬರಲೆಂದು ಗೊಬ್ಬರ ಹೆಚ್ಚಿಸುವ ಸಹಜ ಮಮತೆ ಇಲ್ಲಿ ಗಿಡಕ್ಕೆ ಮುಳುವಾಗುತ್ತದೆ.

ಹೀಗೆ ಹಂತ, ಋತು, ನೀರು ಮೂರೂ ಬದಲಾಗುತ್ತಲೇ ಇರುವಾಗ ಪುಸ್ತಕದ ಪಟ್ಟಿ ಆರಂಭದ ಸೂಚನೆಯಾಗಬಲ್ಲದೇ ಹೊರತು ತೀರ್ಮಾನವಾಗಲಾರದು. ತೀರ್ಮಾನ ಹೇಳಬಲ್ಲದ್ದು ಗಿಡವೇ, ಮತ್ತು ಅದು ಹೇಳುವುದು ತಾನು ಉಂಡು ಬಿಟ್ಟದ್ದರ ಮೂಲಕ. ಕೊಕೊಪೀಟ್ ಚೀಲಗಳಲ್ಲಿ ಬೆಳೆಯುವಾಗ ಕೊಟ್ಟ ದ್ರಾವಣದ ಶೇ. 20ರಿಂದ 30ರಷ್ಟು ತಳದಿಂದ ಬಸಿದು ಹೋಗುವಂತೆ ಉಣಿಸಲಾಗುತ್ತದೆ. ಹನಿಯ ಬಾಯಲ್ಲಿ ಒಂದು ಪಾತ್ರೆ, ಚೀಲದ ತಳದಲ್ಲಿ ಒಂದು ಪಾತ್ರೆ ಇಟ್ಟು ಎರಡರ ವಾಹಕತೆಯನ್ನೂ ನಿತ್ಯ ಒಂದೇ ಹೊತ್ತಿಗೆ ಬರೆದಿಟ್ಟರೆ ಚಿತ್ರ ತಿಳಿಯಾಗುತ್ತದೆ. ಕೊಟ್ಟದ್ದು 2.0, ಬಸಿದದ್ದು 2.3 ಎಂದರೆ ಗಿಡ ನೀರನ್ನೂ ಆಹಾರವನ್ನೂ ಹದವಾಗಿ ತೆಗೆದುಕೊಳ್ಳುತ್ತಿದೆ. ಬಸಿದದ್ದು 3.2 ಎಂದರೆ ಲವಣ ಕೂಡಿಕೊಳ್ಳುತ್ತಿದೆ. ದ್ರಾವಣವನ್ನು ತೆಳು ಮಾಡಬೇಕು, ಬಸಿಯುವ ಪ್ರಮಾಣವನ್ನು ಹೆಚ್ಚಿಸಬೇಕು. ಬಸಿದದ್ದು 1.6 ಎಂದರೆ ಗಿಡ ಹಸಿದಿದೆ, ಉಣಿಸನ್ನು ಗಾಢಗೊಳಿಸಲು ಅಳುಕಬೇಕಿಲ್ಲ. ಕಾಯಿ ತುಂಬುವ ಹಂತಕ್ಕೆ ಗಿಡ ಕಾಲಿಟ್ಟಿದೆ ಎಂಬುದು ಎಷ್ಟೋ ಸಲ ಕಣ್ಣಿಗೆ ಕಾಣುವ ಮೊದಲೇ, ಬಸಿದ ನೀರಿನ ಅಂಕೆ ಇಳಿಯತೊಡಗುವುದರಲ್ಲಿ ಗೋಚರಿಸುತ್ತದೆ. ಉಣಿಸಿದ ಅಂಕೆಯೊಂದನ್ನೇ ನೋಡುವ ಅಳತೆಗಿಂತ, ಉಣಿಸಿದ್ದಕ್ಕೂ ಉಳಿದದ್ದಕ್ಕೂ ಇರುವ ಅಂತರವನ್ನು ನೋಡುವ ಅಳತೆಯೇ ಶ್ರೇಷ್ಠವೆಂಬುದು ಈ ಉಪನ್ಯಾಸದ ಮುಖ್ಯ ಪ್ರತಿಪಾದನೆ.

ಚೀಲದಿಂದ ನೆಲಕ್ಕೆ ಬಂದಾಗ ಈ ಕೆಲಸ ಕಠಿಣವಾಗುತ್ತದೆ, ಅದರಲ್ಲೂ ಎರೆ ಭೂಮಿಯಲ್ಲಿ. ಧಾರವಾಡ ಜಿಲ್ಲೆಯ ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿಗಳ ಮಲೆನಾಡಿನ ಸೆರಗು. ಪೂರ್ವಕ್ಕೆ ನವಲಗುಂದ, ಕುಂದಗೋಳಗಳ ಕಪ್ಪು ಎರೆಯ ಬಯಲು. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತದೆ, ಮಣ್ಣಿನಲ್ಲಿ ಲವಣ ಉಳಿಯುವ ಪ್ರಮಾಣ ಹೆಚ್ಚುತ್ತದೆ. ಎರೆ ಮಣ್ಣಿನ ಜೇಡಿಕಣಗಳು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಅಮೋನಿಯಂಗಳನ್ನು ತಮ್ಮ ಮೈಗೆ ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುವುದರಿಂದ, ಇಂದು ಕೊಟ್ಟ ದ್ರಾವಣದ ಅಂಕೆ ಇಂದೇ ಬೇರಿನ ಬಳಿ ಕಾಣುವುದಿಲ್ಲ. ಈ ಗುಣ ಬೆಳೆಗೆ ರಕ್ಷೆಯೂ ಹೌದು, ಅಳೆಯುವವರಿಗೆ ತೊಡಕೂ ಹೌದು. ಮಲಪ್ರಭಾ ಕಾಲುವೆಯ ನೀರು ಬಂದ ನವಲಗುಂದ, ನರಗುಂದ, ರೋಣ ಭಾಗಗಳಲ್ಲಿ ಬಸಿಗಾಲುವೆಗಳ ಕೊರತೆಯಿಂದ ಅಂತರ್ಜಲ ಮೇಲೇರಿ ನೆಲ ಸವಳು-ಜವಳಾದ ಸಂಗತಿ ಎಲ್ಲರಿಗೂ ತಿಳಿದಿದೆ. ತುಂಗಭದ್ರಾ ಅಚ್ಚುಕಟ್ಟಿನ ಇದೇ ಸಮಸ್ಯೆಯನ್ನು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿದೆ.

ಮಣ್ಣಿನ ಲವಣಕ್ಕೆ ಯಾವ ಬೆಳೆ ಎಷ್ಟು ತಾಳುತ್ತದೆ ಎಂಬುದನ್ನು ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು 1977ರಲ್ಲಿ ಕೋಷ್ಟಕವಾಗಿ ಕೊಟ್ಟರು. ಮಣ್ಣಿಗೆ ಬಟ್ಟಿ ಇಳಿಸಿದ ನೀರು ಬೆರೆಸಿ ಕೆಸರಿನ ಹದಕ್ಕೆ ತಂದು, ಆ ಕೆಸರಿನಿಂದ ಹೀರಿ ತೆಗೆದ ನೀರಿನ ವಾಹಕತೆಯೇ ಅಲ್ಲಿನ ಮಾನ. ಅದರಂತೆ ದಪ್ಪ ಮೆಣಸಿನಕಾಯಿ 1.5ರವರೆಗೆ ಇಳುವರಿ ಕಳೆದುಕೊಳ್ಳದು, ಅದರಾಚೆ ಪ್ರತಿ ಡೆಸಿಸೀಮನ್ಸ್‌ಗೆ ಶೇ. 14ರಷ್ಟು ಕಳೆದುಕೊಳ್ಳುತ್ತದೆ, ಈರುಳ್ಳಿಯ ಮಿತಿ 1.2, ನಷ್ಟ ಶೇ. 16, ಟೊಮೆಟೊದ್ದು 2.5 ಮತ್ತು ಶೇ. 9.9, ಹತ್ತಿಯದು 7.7 ಮತ್ತು ಶೇ. 5.2. ಹತ್ತಿ, ಜೋಳ, ಗೋದಿಗಳಿಗೆ ಹೆಸರಾದ ಈ ಬಯಲು ನಾಡಿನ ಹಳೆಯ ಬೆಳೆಗಳು ಮಣ್ಣಿನ ಸ್ವಭಾವಕ್ಕೆ ಎಷ್ಟು ಹೊಂದಿಕೊಂಡಿದ್ದವೆಂಬುದಕ್ಕೆ ಈ ಅಂಕೆಗಳೇ ಸಾಕ್ಷಿ. ಅದೇ ನೆಲದಲ್ಲಿ ಈರುಳ್ಳಿಯನ್ನೋ ದಪ್ಪ ಮೆಣಸಿನಕಾಯಿಯನ್ನೋ ಬೆಳೆಯಹೊರಟವರಿಗೆ ತಪ್ಪಿನ ಅವಕಾಶ ಬಹಳ ಚಿಕ್ಕದು. ಈ ಮಿತಿಗಳೂ ಬೆಳೆಯುದ್ದಕ್ಕೆ ಒಂದೇ ಅಲ್ಲ. ಜೋಳ ಎಳೆಯದರಲ್ಲಿ ಹೆಚ್ಚು ಸೂಕ್ಷ್ಮ, ಕಾಳು ಬಲಿಯುವಾಗ ಗಟ್ಟಿಗ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ವಾಹಕತೆಯೂ ಒಂದು. ಚೀಟಿಯಲ್ಲಿರುವ ಆ ಅಂಕೆಯನ್ನು ಮಾಸ್-ಹಾಫ್‌ಮನ್ ಕೋಷ್ಟಕದೊಡನೆ ನೇರವಾಗಿ ಹೋಲಿಸುವುದು ಅಪಾಯಕರ. ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಒಂದು ಭಾಗ ಮಣ್ಣಿಗೆ ಎರಡು ಅಥವಾ ಎರಡೂವರೆ ಭಾಗ ನೀರು ಬೆರೆಸಿ ಅಳೆಯುತ್ತಾರೆ. ಎರೆ ಮಣ್ಣು ಕೆಸರಿನ ಹದದಲ್ಲಿ ನೂರು ಗ್ರಾಂಗೆ ಸುಮಾರು 70 ಗ್ರಾಂ ನೀರು ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಪ್ರಯೋಗಾಲಯದ ಬಗ್ಗಡದಲ್ಲಿ 250 ಗ್ರಾಂ ನೀರಿರುತ್ತದೆ, ಅಂದರೆ ಅದೇ ಲವಣ ಮೂರೂವರೆ ಪಟ್ಟು ತೆಳುವಾಗಿರುತ್ತದೆ. ಚೀಟಿಯಲ್ಲಿ 0.6 ಎಂದು ಕಂಡದ್ದು ಕೆಸರಿನ ಮಾನದಲ್ಲಿ ಸರಿಸುಮಾರು 2.1 ಆಗಬಹುದು, ಹತ್ತಿಗೆ ಅದು ಏನೂ ಅಲ್ಲ, ಈರುಳ್ಳಿಗೆ ಆಗಲೇ ಮಿತಿ ಮೀರಿದೆ. ಮಣ್ಣಿನಲ್ಲಿ ಜಿಪ್ಸಂನಂತೆ ಅಲ್ಪವಾಗಿ ಕರಗುವ ಲವಣವಿದ್ದರೆ ಈ ಗುಣಾಕಾರವೂ ತಪ್ಪುತ್ತದೆ. ನೆಲದಲ್ಲಿ ರಸಾವರಿ ಮಾಡುವವರಿಗೆ ಇದಕ್ಕಿಂತ ಉತ್ತಮವಾದ ದಾರಿ ಎಂದರೆ, ಪಿಂಗಾಣಿಯ ರಂಧ್ರಮಯ ತುದಿಯುಳ್ಳ ಕೊಳವೆಯನ್ನು ಬೇರಿನ ಆಳಕ್ಕೆ ಹುಗಿದು, ಗಾಳಿ ಎಳೆದು ನಿರ್ವಾತ ಉಂಟುಮಾಡಿ, ಮಣ್ಣಿನ ತೇವವನ್ನೇ ಕೆಲವು ಹನಿ ಸಂಗ್ರಹಿಸಿ ಅಳೆಯುವುದು. ಪಾಲಿಹೌಸ್‌ಗಳಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಬಯಲಿನಲ್ಲಿ ಮುಂಗಾರು ಮಳೆ ವರ್ಷಕ್ಕೊಮ್ಮೆಯಾದರೂ ಮಣ್ಣನ್ನು ತೊಳೆಯುತ್ತದೆ, ಪ್ಲಾಸ್ಟಿಕ್ ಸೂರಿನಡಿಯ ಮಡಿಗಳಿಗೆ ಆ ಸ್ನಾನವಿಲ್ಲ. ಮೂರ್ನಾಲ್ಕು ವರ್ಷಗಳಲ್ಲಿ ಇಳುವರಿ ಕುಸಿದ ಪಾಲಿಹೌಸ್‌ಗಳಲ್ಲಿ ದುಂಡುಜಂತು, ಸೊರಗು ರೋಗಗಳ ಜೊತೆಗೆ ಕೂಡಿಬಂದ ಲವಣವನ್ನೂ ಪರೀಕ್ಷಿಸಿ ನೋಡಬೇಕು.

ಸಾವಯವ ದ್ರಾವಣಗಳನ್ನು ಬಳಸುವವರ ಸಂಖ್ಯೆಯೂ ಈ ಭಾಗದಲ್ಲಿ ದೊಡ್ಡದು, ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಸಾವಯವ ಕೃಷಿಗೆಂದೇ ಸಂಸ್ಥೆಯೊಂದಿದೆ. ಸಗಣಿ, ಗೋಮೂತ್ರ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟುಗಳನ್ನು 200 ಲೀಟರ್ ನೀರಿನಲ್ಲಿ ಹುಳಿಯಿಸಿದ ಜೀವಾಮೃತದಲ್ಲಿ ಮಾಪಕ ತೋರುವ ಅಂಕೆ ಬಹುಮಟ್ಟಿಗೆ ಗೋಮೂತ್ರದ ಲವಣಗಳದು; ಹಿಟ್ಟಿನ ಮತ್ತು ಸಗಣಿಯ ಸಾವಯವ ಅಣುಗಳಲ್ಲಿ ಸೆರೆಯಾದ ಸಾರಜನಕವನ್ನು ಅದು ಕಾಣದು, ಸೂಕ್ಷ್ಮಜೀವಿಗಳ ಕೆಲಸವನ್ನಂತೂ ಅಳೆಯಲಾರದು. ಹಾಗೆಂದು ಮಾಪಕ ಅಲ್ಲಿ ನಿರುಪಯೋಗಿ ಎನ್ನಲಾಗದು. ಎಳೆಯ ಸಸಿಗೆ ಅದನ್ನು ಎಷ್ಟು ನೀರು ಬೆರೆಸಿ ಕೊಟ್ಟರೆ ಬೇರು ಸುಡದು ಎಂಬುದನ್ನು ಅದು ಖಚಿತವಾಗಿ ಹೇಳಬಲ್ಲದು.

ಈ ಎಲ್ಲದರ ಹಿನ್ನೆಲೆಯಲ್ಲಿ, ಕನ್ನಡದಲ್ಲಿ ಪ್ರಕಟವಾಗುವ ಬೇಸಾಯದ ಕೈಪಿಡಿಗಳ ರಸಾವರಿ ಕೋಷ್ಟಕಗಳಲ್ಲಿ ಕಿಲೋ ಲೆಕ್ಕದ ಪಕ್ಕದಲ್ಲಿ ಮೂರು ಅಂಕಣಗಳು ಸೇರುವುದು ಅತ್ಯಗತ್ಯ: ಬರಿಯ ನೀರಿನ ಮೇಲೆ ಗೊಬ್ಬರ ಕೂಡಿಸಬೇಕಾದ ವಾಹಕತೆ ಎಷ್ಟು, ಒಟ್ಟು ಅಂಕೆ ಯಾವ ಮಿತಿಯನ್ನು ದಾಟಬಾರದು, ಬೇರಿನ ವಲಯದಿಂದ ತೆಗೆದ ನೀರಿನಲ್ಲಿ ಎಷ್ಟು ಅಂತರ ಸಹ್ಯ, ಮತ್ತು ಈ ಮೂರನ್ನೂ ಬೇಸಿಗೆಗೊಮ್ಮೆ, ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಬೇರೆಬೇರೆಯಾಗಿ ಕೊಡುವುದು. ಯೂರಿಯಾ ಬಳಸಿದ ಕಡೆ ಆ ಸಾಲಿನ ಅಂಕೆ ಮಾಪಕಕ್ಕೆ ಕಾಣದೆಂಬ ಸೂಚನೆ ಅಲ್ಲಿಯೇ ಅಚ್ಚಾಗಬೇಕು. ಧಾರವಾಡದಲ್ಲಿ ಪ್ರತಿವರ್ಷ ನಡೆಯುವ ಕೃಷಿ ಮೇಳಕ್ಕೆ ಬರುವ ರೈತರು ತಮ್ಮ ಕೊಳವೆಬಾವಿಯ ಒಂದು ಬಾಟಲಿ ನೀರನ್ನೂ ತಮ್ಮ ಮಾಪಕವನ್ನೂ ಜೊತೆಗೆ ತಂದರೆ, 1.413ರ ದ್ರಾವಣದಲ್ಲಿ ಮಾಪಕವನ್ನು ತಾಳೆ ನೋಡಿ, ನೀರಿನ ಅಂಕೆಯನ್ನು ಚೀಟಿಯಲ್ಲಿ ಬರೆದು ಕೊಡಲು ಒಂದು ಮೇಜು, ಇಬ್ಬರು ವಿದ್ಯಾರ್ಥಿಗಳು ಸಾಕು.